ಮಥಾಯಸ್‌ನ ಹತ್ತು ಬೆರಳು

ಮಥಾಯಸ್‌ಗೆ ಬೆರಳಚ್ಚು ಇರಲಿಲ್ಲ.

ಬೆರಳುಗಳಿದ್ದವು. ಹತ್ತೂ ಇದ್ದವು, ಉಗುರು ಸಮೇತ. ಆದರೆ ತುದಿಯಲ್ಲಿ ಎಲ್ಲರಿಗೂ ಇರುವ ಗೆರೆ ಅವನಿಗಿರಲಿಲ್ಲ. ಹದಿನೆಂಟನೇ ವಯಸ್ಸಿನಿಂದ ಕಾದ ಕಾವಲಿಯ ಮೇಲಿನ ನೀರುದೋಸೆಯನ್ನು ಬರಿಗೈಯಲ್ಲಿ ಎತ್ತಿ ನಾಲ್ಕಾಗಿ ಮಡಚಿದವನ ಬೆರಳು ಅದು. ಬೋಳು ತಲೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ಈ ಕೊರತೆ ಅವನಿಗೆ ಗೊತ್ತಾದದ್ದು ಕೆನಡಾದಿಂದ ಇಮೇಲ್ ಬಂದ ಮೇಲೆ. ಮಥಾಯಸ್, ಹೆಂಡತಿ ಸಿಸಿಲಿಯಾ, ಮಗಳು ಜೋಯ್ಸ್ ಮೂವರೂ ಕೆನಡಾದ ಖಾಯಂ ನಿವಾಸಿಗಳು, ಅಂದರೆ ಪಿ.ಆರ್.ಗಳು. ಖಾಯಂ ಆಗಿ ವಾಸ ಮಾಡುತ್ತಿದ್ದದ್ದು ಮಾತ್ರ ಕುವೈಟ್‌ನ ಸಾಲ್ಮಿಯಾದಲ್ಲಿ. ಕೆನಡಾದಲ್ಲಿ ನಾಲ್ಕು ಚಳಿಗಾಲ ಕಳೆದು, ಪೌರತ್ವಕ್ಕೆ ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಹಾಕಿ, ಆ ಅರ್ಜಿಗಳು ಆಮೆಯ ಹಾಗೆ ನಡೆಯುತ್ತಿರುವಾಗ ಅವರು ಹಳೆಯ ಊರಾದ ಕುವೈಟ್‌ಗೆ ವಾಪಸ್ ಬಂದಿದ್ದರು. ಸಿಸಿಲಿಯಾಗೆ ಜಾಬ್ರಿಯಾದ ಕ್ಲಿನಿಕ್‌ನಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಥಾಯಸ್‌ಗೆ ಮೊದಲಿದ್ದ ಮಂಗಳೂರು ಹೋಟೆಲಿನ ಅದೇ ಕಾವಲಿ ಸಿಕ್ಕಿತು. ಕೆನಡಾದಲ್ಲೂ ಅವನು ಒಂದು ತಮಿಳರ ಹೋಟೆಲಿನಲ್ಲಿ ಕಾವಲಿಯ ಮುಂದೆಯೇ ನಿಂತಿದ್ದ. ಆ ದೇಶದಲ್ಲಿ ಅವನಿಗೆ ಬೆಚ್ಚಗಿದ್ದ ಜಾಗ ಅದೊಂದೇ.

ಇಮೇಲ್‌ನಲ್ಲಿದ್ದದ್ದು ಇಷ್ಟು: ನಿಮ್ಮದೇ ಹೆಸರು, ನಿಮ್ಮದೇ ಹುಟ್ಟಿದ ದಿನ ಇರುವ ಇನ್ನೊಬ್ಬನ ಮೇಲೆ ಇಲ್ಲಿ ಕೇಸು ಇದೆ. ನೀವು ಅವನಲ್ಲವೆಂದು ತೋರಿಸಲು ಹತ್ತು ಬೆರಳಿನ ಅಚ್ಚು ಕಳಿಸಿ. ಇಂಥ ತಾರೀಖಿನೊಳಗೆ ಬರದಿದ್ದರೆ ಅರ್ಜಿಯನ್ನು ನೀವೇ ಕೈಬಿಟ್ಟಿರಿ ಎಂದು ತಿಳಿಯುತ್ತೇವೆ.

"ಆ ಇನ್ನೊಬ್ಬ ಮಥಾಯಸ್ ಎಂತ ಮಾಡಿದ್ದಂತೆ?" ಎಂದು ಮಥಾಯಸ್ ಕೇಳಿದ.

"ಬರೆದಿಲ್ಲ," ಎಂದಳು ಸಿಸಿಲಿಯಾ.

"ಕಳ್ಳತನವಾ, ಕೊಲೆಯಾ?"

"ನಿಮಗೆ ಯಾಕೆ? ನೀವು ಮಾಡಿಲ್ಲ ತಾನೇ?"

"ಅಲ್ಲ, ನಮ್ಮ ಹೆಸರಿನವ ಅಲ್ವಾ. ಗೊತ್ತಿದ್ದರೆ ಒಳ್ಳೆಯದು."

ಅರ್ಜಿ ಹೋದರೆ ಹೊಸ ಅರ್ಜಿ ಹಾಕಬೇಕು. ಹೊಸ ಅರ್ಜಿಗೆ ಹಳೆಯ ವಾಸ ಸಾಲುವುದಿಲ್ಲ, ಇನ್ನೊಮ್ಮೆ ಹೋಗಿ ಮೂರು ವರ್ಷ ಅಲ್ಲೇ ಇರಬೇಕು. ಮಥಾಯಸ್‌ಗೆ ಸಾವಿನ ಭಯ ಅಷ್ಟಿರಲಿಲ್ಲ. ಫೆಬ್ರವರಿಯ ಭಯ ಇತ್ತು. ಅಲ್ಲಿ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವನ ಮೀಸೆ ಹೆಪ್ಪುಗಟ್ಟಿ, ಬಸ್ ಬಂದಾಗ ಡ್ರೈವರಿಗೆ ಗುಡ್ ಮಾರ್ನಿಂಗ್ ಹೇಳಲು ಬಾಯಿ ಬಂದಿರಲಿಲ್ಲ.

ಚಳಿಗಿಂತ ದೊಡ್ಡ ತೊಂದರೆ ಆಂಥೋನಿಯದು. ಆಂಥೋನಿ ಸಿಸಿಲಿಯಾಳ ತಮ್ಮ. ಹಿಂದೆ ಕುವೈಟ್‌ನಲ್ಲೇ ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಯಲ್ಲಿ ಪೈಪ್ ಜೋಡಿಸುತ್ತಿದ್ದವನು ಈಗ ಟೊರಾಂಟೊ ಹತ್ತಿರ ಇದ್ದ. ಅವನಿಗೆ ಹೋದ ವರ್ಷ ಪೌರತ್ವ ಸಿಕ್ಕಿತ್ತು. ಅಂದಿನಿಂದ ಅವನು ಫೋನ್ ಮಾಡಿದಾಗಲೆಲ್ಲ ಭಾವನನ್ನು "ಏನು ಪಿ.ಆರ್. ಭಾವ" ಎಂದೇ ಕರೆಯುತ್ತಿದ್ದ. ಮಥಾಯಸ್‌ಗೆ ಕೆನಡಾದ ಪೌರತ್ವ ಬೇಕಿದ್ದದ್ದು ಹೆಚ್ಚಾಗಿ ಈ ಮಾತು ನಿಲ್ಲಿಸುವುದಕ್ಕೆ.

ಬೆರಳಚ್ಚು ತೆಗೆಯುವ ಖಾಸಗಿ ಕಚೇರಿಯಲ್ಲಿ ಒಬ್ಬಳು ಫಿಲಿಪಿನೊ ಹುಡುಗಿ ಇದ್ದಳು. ಅವನ ಬೆರಳನ್ನು ಗಾಜಿನ ಮೇಲೆ ಒತ್ತಿ ಪರದೆ ನೋಡಿದಳು. ಗಾಜು ಒರೆಸಿದಳು. ಬೆರಳು ಒರೆಸಿದಳು. ಮತ್ತೆ ಒತ್ತಿದಳು.

"ಸರ್, ಬೆರಳು ಇಡಿ."

"ಇಟ್ಟಿದ್ದೇನಲ್ಲ."

"ಅಲ್ಲಿ ಯಾರೂ ಇಲ್ಲ ಸರ್."

ಪರದೆಯ ಮೇಲೆ ಮೋಡದಂಥ ಒಂದು ಬೂದು ಕಲೆ ಇತ್ತು. ಹತ್ತು ಬೆರಳಿಗೂ ಹತ್ತು ಮೋಡ. ಕುವೈಟ್ ಸರ್ಕಾರ ಈ ಮೊದಲು ಅವನ ಕಣ್ಣು, ಮುಖ ಎಲ್ಲ ಸ್ಕ್ಯಾನ್ ಮಾಡಿಕೊಂಡು ಬೆರಳಿನ ವಿಷಯದಲ್ಲಿ ಹೆಚ್ಚು ಹಟ ಮಾಡದೆ ಬಿಟ್ಟಿತ್ತು. ಕೆನಡಾದವರಿಗೆ ಕಣ್ಣು ಬೇಡ, ಬೆರಳೇ ಬೇಕು.

"ನಿಮ್ಮ ಕೆಲಸ ಏನು?" ಎಂದು ಹುಡುಗಿ ಕೇಳಿದಳು.

ಮಥಾಯಸ್ ಅಂಗೈಯ ಮೇಲೆ ದೋಸೆ ಎತ್ತಿ ಮಡಚುವುದನ್ನು ಅಭಿನಯಿಸಿ ತೋರಿಸಿದ. ಅವಳು ಅದನ್ನು ಬಟ್ಟೆ ಮಡಚುವುದು ಎಂದು ತಿಳಿದು ತಲೆ ಆಡಿಸಿದಳು. ಆರು ವಾರ ಬಿಸಿ, ಸೋಪು, ಹುಳಿ ಏನೂ ಮುಟ್ಟಬೇಡಿ, ಚರ್ಮ ಬೆಳೆದರೆ ಗೆರೆ ಬರುತ್ತದೆ ಎಂದಳು. ಕೊನೆಯ ತಾರೀಖಿಗೆ ಸ್ವಲ್ಪ ಮುಂಚಿನ ಒಂದು ಭಾನುವಾರಕ್ಕೆ ಸಮಯ ಕೊಟ್ಟಳು.

ಮನೆಯಲ್ಲಿ ಸಿಸಿಲಿಯಾ ಅಧಿಕಾರ ವಹಿಸಿಕೊಂಡಳು. ಕ್ಲಿನಿಕ್‌ನಿಂದ ಬಿಳಿ ಹತ್ತಿಯ ಕೈಗವಸು ತಂದಳು. ಅವನು ನಿಂಬೆ ಹಿಂಡುವ ಹಾಗಿಲ್ಲ, ಮೀನು ಬಿಡಿಸುವ ಹಾಗಿಲ್ಲ, ಪಾತ್ರೆ ತೊಳೆಯುವ ಹಾಗಿಲ್ಲ. ಕೊನೆಯದನ್ನು ಅವನು ಮೊದಲೂ ಮಾಡುತ್ತಿರಲಿಲ್ಲ, ಈಗ ಅದಕ್ಕೊಂದು ವೈದ್ಯಕೀಯ ಕಾರಣ ಸಿಕ್ಕಿತು. ಮೇಲಿನ ಮನೆಯ ಆಲಿವ್ ಬಾಯಿ ಊರಿನಿಂದ ತಂದಿಟ್ಟಿದ್ದ ಪುನರ್ಪುಳಿ ಎಣ್ಣೆಯ ಉಂಡೆ ಕೊಟ್ಟಳು. ಒಡೆದ ಹಿಮ್ಮಡಿಗೆ ಹಚ್ಚುವಂಥದ್ದು. ಅದನ್ನು ಕರಗಿಸಿ ಬೆರಳಿಗೆ ಹಚ್ಚಿ, ಮೇಲೆ ಕೈಗವಸು ಹಾಕಿ ಅವನು ಟಿ.ವಿ. ಮುಂದೆ ಕೂತರೆ ಮಗಳು ಜೋಯ್ಸ್ ದೂರದ ಕುರ್ಚಿಗೆ ಹೋಗುತ್ತಿದ್ದಳು.

ಬೆರಳು ಪರೀಕ್ಷೆ ಮಾಡುವುದು ಜೋಯ್ಸ್‌ಳ ಕೆಲಸ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ ವರದಿ ಕೊಡುತ್ತಿದ್ದಳು.

"ಎಂತ ಉಂಟು ಮಗಾ?" ಎಂದು ಮಥಾಯಸ್ ಕೇಳುತ್ತಿದ್ದ.

"ನಥಿಂಗ್, ಪಪ್ಪಾ."

ಮೂರನೇ ವಾರದಲ್ಲಿ ಅವಳು, "ವೇಟ್. ದೇರ್ ಈಸ್ ಎ ಲೈನ್," ಎಂದಳು.

ಸಿಸಿಲಿಯಾ ಒಲೆ ಆರಿಸಿ ಬಂದಳು. ಆಲಿವ್ ಬಾಯಿಯನ್ನು ಕರೆಸಿದರು. ಎಡಗೈಯ ಉಂಗುರ ಬೆರಳಿನಲ್ಲಿ ಒಂದು ಗೆರೆ ಇತ್ತು. ಅದು ಗೆರೆಯೋ ಹಳೆಯ ಚಾಕುವಿನ ಗಾಯವೋ ಎಂದು ಸ್ವಲ್ಪ ಹೊತ್ತು ಚರ್ಚೆ ನಡೆದು, ಗೆರೆ ಎಂದು ತೀರ್ಮಾನವಾಯಿತು.

ಕುವೈಟ್‌ನಲ್ಲಿ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಆ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವ ಹೊತ್ತಿಗೆ ಯಾರೂ ಮಥಾಯಸ್‌ನ ಕೈ ಕುಲುಕುತ್ತಿರಲಿಲ್ಲ. ದೂರದಿಂದಲೇ ಕೈ ಮುಗಿಯುತ್ತಿದ್ದರು. ಚರ್ಚಿನ ವಾರ್ಡಿನವರು ಮನೆಯಲ್ಲಿ ಸೇರಿ ಜಪಮಾಲೆ ಹೇಳುವ ತೇರ್ಸದಲ್ಲಿ ಕಾಯಿಲೆಯವರಿಗಾಗಿ, ಕೆಲಸ ಕಳೆದುಕೊಂಡವರಿಗಾಗಿ ಪ್ರಾರ್ಥಿಸಿದ ಮೇಲೆ ಆಲಿವ್ ಬಾಯಿ ತಾನಾಗಿ, "ಮಥಾಯಸ್‌ನ ಬೆರಳುಗಳಿಗಾಗಿ," ಎಂದು ಸೇರಿಸಿದಳು. ಇಡೀ ಕೋಣೆ ಆಮೆನ್ ಎಂದಿತು.

ಹೋಟೆಲಿನಲ್ಲಿ ಕಾವಲಿ ನಿಸಾರ್‌ನ ಕೈಗೆ ಹೋಯಿತು. ಉಳ್ಳಾಲದ ಬ್ಯಾರಿ ನಿಸಾರ್ ಪರೋಟ ಹಾಕುವುದರಲ್ಲಿ ನಿಪುಣ. ನೀರುದೋಸೆಯನ್ನು ಮಾತ್ರ ಅವನು ಸಟ್ಟುಗದಿಂದ ಎತ್ತುತ್ತಿದ್ದ. ಮಥಾಯಸ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಬಿಳಿ ಕೈಗವಸು ತೊಟ್ಟ ಟ್ರಾಫಿಕ್ ಪೊಲೀಸನ ಹಾಗೆ ಕೂತಿರುತ್ತಿದ್ದ.

"ಬ್ಯಾರಿ, ಅದು ದೋಸೆ. ಗೋಡೆಯ ಸುಣ್ಣ ಅಲ್ಲ ಕೆರೆಯಲಿಕ್ಕೆ."

"ಪೊರ್ಬುಗಳೇ, ನಿಮ್ಮದು ಕೆನಡಾ ಆಗುವವರೆಗೆ ಸುಮ್ಮನೆ ಕೂತುಕೊಳ್ಳಿ," ಎನ್ನುತ್ತಿದ್ದ ನಿಸಾರ್. ಊರಿನಲ್ಲಿ ಬ್ಯಾರಿಗಳು ಕ್ರೈಸ್ತರನ್ನು ಕರೆಯುವುದು ಹಾಗೆ.

"ಅಂಚು ಹರಿಯಿತು ನೋಡು."

"ಹರಿದ ದೋಸೆಗೆ ಹೊಟ್ಟೆಯಲ್ಲಿ ಬೇರೆ ಬಾಗಿಲು ಉಂಟಾ?"

"ಕೈಯಲ್ಲಿ ಎತ್ತು ಮಾರಾಯಾ."

"ಎತ್ತಿದರೆ ನನ್ನ ಬೆರಳಚ್ಚು ಹೋಗುವುದಿಲ್ವಾ? ನಾಳೆ ನನಗೂ ಯಾವುದಾದರೂ ದೇಶ ಬೇಕಾದರೆ?"

ಮಥಾಯಸ್ ಸ್ಟೂಲನ್ನು ಕಾವಲಿಯಿಂದ ಒಂದಡಿ ಹಿಂದೆ ಎಳೆದುಕೊಂಡ. ಗಿರಾಕಿಗಳು ದೋಸೆಯ ವ್ಯತ್ಯಾಸವನ್ನೇ ಗಮನಿಸದಿದ್ದದ್ದು ಅವನಿಗೆ ಇನ್ನೂ ದೊಡ್ಡ ಸಂಕಟವಾಗಿತ್ತು.

ಆರನೇ ವಾರದ ಹೊತ್ತಿಗೆ ಒಂಬತ್ತು ಬೆರಳುಗಳಲ್ಲಿ ಗೆರೆ ಸ್ಪಷ್ಟವಾಗಿತ್ತು. ಬಲ ಹೆಬ್ಬೆರಳು ಮಾತ್ರ ಸ್ವಲ್ಪ ಹಿಂದಿತ್ತು, ಅದೂ ಬರುತ್ತದೆ ಎಂದು ಜೋಯ್ಸ್ ಭರವಸೆ ಕೊಟ್ಟಳು. ಮಥಾಯಸ್ ಆಗಾಗ ಕೈಗವಸು ತೆಗೆದು ತನ್ನ ಬೆರಳುಗಳನ್ನು ಮೆಚ್ಚುಗೆಯಿಂದ ನೋಡಿಕೊಳ್ಳುತ್ತಿದ್ದ. ಈಗ ಆ ಇನ್ನೊಬ್ಬ ಮಥಾಯಸ್ ಏನೇ ಮಾಡಿರಲಿ, ಇವನಿಗೆ ಸಂಬಂಧವಿಲ್ಲ.

ಭಾನುವಾರಕ್ಕೆ ಮೂರು ದಿನ ಇರುವಾಗ ಆಂಥೋನಿ ಬಂದಿಳಿದ. ಊರಿಗೆ ಹೋಗುವ ದಾರಿಯಲ್ಲಿ ಅಕ್ಕನನ್ನು ನೋಡಿ ಹೋಗಲು ಬಂದಿದ್ದ. ಕೆನಡಾದ ಪಾಸ್‌ಪೋರ್ಟಿಗೆ ವೀಸಾ ಎಷ್ಟು ಸುಲಭವಾಗಿ ಸಿಕ್ಕಿತೆಂಬುದನ್ನು ವಿಮಾನ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಮೂರು ಸಲ ಹೇಳಿದ.

"ಮೊದಲು ಇದೇ ಊರಿನಲ್ಲಿ ಇಕಾಮಾ ಪರ್ಮಿಟ್ಟಿಗೆ ಸ್ಪಾನ್ಸರ್ ಕಫೀಲನ ಹಿಂದೆ ಎಷ್ಟು ಓಡಿದ್ದೆ ಅಕ್ಕ. ಈಗ ನೋಡು, ವೆಲ್‌ಕಮ್ ಸರ್ ಅಂತೆ."

"ಮಥಾಯಸ್‌ನದ್ದೂ ಭಾನುವಾರ ಮುಗಿಯುತ್ತದೆ," ಎಂದಳು ಸಿಸಿಲಿಯಾ.

"ಆಗಲಿ, ಆಗಲಿ. ಅಷ್ಟರವರೆಗೆ ಪಿ.ಆರ್. ಭಾವನೇ." ಆಂಥೋನಿ ಭಾವನ ಕೈಗವಸು ನೋಡಿದ. "ಇದೆಂತದು ಭಾವ, ಮ್ಯಾಜಿಕ್ ಶೋ ಉಂಟಾ?"

ಶುಕ್ರವಾರ ಪೂಜೆ ಮುಗಿಸಿ ಎಲ್ಲರೂ ತಿಂಡಿಗೆ ಹೋಟೆಲಿಗೆ ಹೋದರು. ಸಿಸಿಲಿಯಾ, ಜೋಯ್ಸ್, ಆಂಥೋನಿ ಮೇಜಿಗೆ ಕೂತರು. ಮಥಾಯಸ್ ಅಭ್ಯಾಸಬಲದಿಂದ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತ. ನಿಸಾರ್ ನೀರುದೋಸೆ, ಕೋಳಿ ಸಾರು ಕಳಿಸಿದ.

ಆಂಥೋನಿ ಒಂದು ದೋಸೆ ತಿಂದ. ಎರಡನೆಯದನ್ನು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅದರ ಒಂದು ಮೂಲೆ ಹರಿದು ಜೋತಾಡುತ್ತಿತ್ತು.

"ಭಾವ," ಎಂದು ಕಿಟಕಿಯತ್ತ ತಿರುಗಿ ಹೇಳಿದ. "ಬೇಜಾರು ಮಾಡಬೇಡಿ. ಈಗ ಟೊರಾಂಟೊದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ಒಬ್ಬ ಪಂಜಾಬಿ ಮಾಡುತ್ತಾನೆ."

ಸಿಸಿಲಿಯಾ ತಮ್ಮನ ಕಾಲು ತುಳಿದಳು. ತಡವಾಗಿತ್ತು. ಕಿಟಕಿಯಲ್ಲಿ ಮಥಾಯಸ್ ಇರಲಿಲ್ಲ.

ಒಳಗೆ ಅವನು ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡ. "ಬ್ಯಾರಿ, ಆಚೆ ನಿಲ್ಲು."

"ಪೊರ್ಬುಗಳೇ, ಭಾನುವಾರ ಉಂಟಲ್ವಾ?"

"ಒಂದೇ ಪ್ಲೇಟು."

"ಒಂದೇ ಪ್ಲೇಟು ಅಂದರೆ ಮೂರು ದೋಸೆ."

"ಪಂಜಾಬಿಯಂತೆ," ಎಂದ ಮಥಾಯಸ್. "ಕೇಳಿದೆಯಾ? ಪಂಜಾಬಿ."

ಹಿಟ್ಟು ಹೊಯ್ದ. ಕಾವಲಿಯ ಮೇಲೆ ತೂತುತೂತಾಗಿ ಹರಡಿತು. ಮುಚ್ಚಳ ಇಟ್ಟು ತೆಗೆದ. ಅಂಚು ಮೇಲೇಳುತ್ತಿದ್ದಂತೆ ಎರಡೂ ಕೈಯ ಬೆರಳು ಹಾಕಿ ಎತ್ತಿದ.

ಒಂದು ವಿಷಯ ಅವನು ಯೋಚಿಸಿರಲಿಲ್ಲ. ಈ ಬೆರಳುಗಳು ಆ ಬೆರಳುಗಳಲ್ಲ. ಇವಕ್ಕೆ ಬರೀ ಆರು ವಾರ ವಯಸ್ಸು, ಅದೂ ಪುನರ್ಪುಳಿ ಎಣ್ಣೆಯಲ್ಲಿ ಬೆಳೆದವು. ಬಿಸಿ ತೋಳಿನವರೆಗೆ ಹತ್ತಿತು. ಬಿಡಬಹುದಿತ್ತು. ಆದರೆ ಆಂಥೋನಿ ತಟ್ಟೆ ಹಿಡಿದುಕೊಂಡು ಕಿಟಕಿಯಲ್ಲಿ ಬಂದು ನಿಂತಿದ್ದ.

"ಕೈಯಲ್ಲೇ ಎತ್ತುತ್ತೀರಾ ಈಗಲೂ?"

"ಮತ್ತೆ?" ಎಂದ ಮಥಾಯಸ್. ಅವನ ಧ್ವನಿ ಸ್ವಲ್ಪ ತೆಳ್ಳಗಾಗಿತ್ತು. ದೋಸೆಯನ್ನು ಎರಡಾಗಿ, ಆಮೇಲೆ ನಾಲ್ಕಾಗಿ ಮಡಚಿ ತಟ್ಟೆಗೆ ಹಾಕಿದ. ಕರವಸ್ತ್ರದಂಥ ದೋಸೆ. ಎರಡನೆಯದು ಹೊಯ್ದ. ಅದನ್ನೂ ಎತ್ತಿದ. ಮೂರನೆಯದನ್ನು ಎತ್ತುವಾಗ ಅವನ ಕಣ್ಣಿನಿಂದ ನೀರು ಬರುತ್ತಿತ್ತು.

"ಭಾವನಿಗೆ ಎಂತ ಅಳು?"

"ಈರುಳ್ಳಿ," ಎಂದ ನಿಸಾರ್. ಅಡುಗೆಮನೆಯಲ್ಲಿ ಆಗ ಯಾರೂ ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಆಂಥೋನಿ ತಟ್ಟೆ ತೆಗೆದುಕೊಂಡು ಮೇಜಿಗೆ ಹೋದ. ಸಿಸಿಲಿಯಾ ಸಾರು ಬಡಿಸಲು ಚಮಚ ಎತ್ತಿದವಳು ಹಾಗೆಯೇ ನಿಂತಳು. ದೋಸೆಗಳ ಅಂಚು ಎಲ್ಲೂ ಹರಿದಿರಲಿಲ್ಲ. ಮಡಿಕೆಯ ಮೇಲೆ ಸಟ್ಟುಗದ ಗೀರೂ ಇರಲಿಲ್ಲ.

"ಇದು ಯಾರು ಎತ್ತಿದ್ದು?" ಎಂದು ಕೇಳಿದಳು.

ಆಂಥೋನಿಯ ಬಾಯಿ ತುಂಬಿತ್ತು. ಅವನು ಬೆರಳಿನಿಂದ ಕಿಟಕಿ ತೋರಿಸಿ, ಚೆನ್ನಾಗಿದೆ ಎಂಬಂತೆ ತಲೆ ಆಡಿಸಿದ.

ಸಿಸಿಲಿಯಾ ಅಡುಗೆಮನೆಗೆ ಬಂದಾಗ ಮಥಾಯಸ್ ಎರಡೂ ಕೈಗಳನ್ನು ಐಸ್ ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಕೂತಿದ್ದ. ಪಕ್ಕದಲ್ಲಿ ನಿಸಾರ್ ಸಟ್ಟುಗ ಹಿಡಿದು, ಸಾಕ್ಷಿ ಹೇಳಲು ಕರೆದವನ ಹಾಗೆ ನಿಂತಿದ್ದ.

"ತೋರಿಸಿ," ಎಂದಳು.

ಅವನು ಕೈ ಎತ್ತಿದ. ಅವಳು ನರ್ಸ್. ಒಂದೊಂದೇ ಬೆರಳು ಹಿಡಿದು ನೋಡಿದಳು. ಏಳು ಬೆರಳುಗಳ ತುದಿಯಲ್ಲಿ ಬಿಳಿ ಗುಳ್ಳೆಗಳು ಏಳುತ್ತಿದ್ದವು.

"ಬೊಬ್ಬೆ ಒಡೆದು ಹೊಸ ಚರ್ಮ ಬರಲಿಕ್ಕೆ ಎಷ್ಟು ಸಮಯ ಬೇಕು ಗೊತ್ತುಂಟಾ ನಿಮಗೆ?"

"ಭಾನುವಾರದವರೆಗೆ?"

"ಭಾನುವಾರದವರೆಗೆ ಬ್ಯಾಂಡೇಜ್ ಬರುತ್ತದೆ."

"ಅವನು ಪಂಜಾಬಿ ಅಂದ, ಸಿಸಿಲಿ."

"ಕೇಳಿಸಿತು ನನಗೆ." ಅವಳು ಅವನ ಕೈಗಳನ್ನು ಮತ್ತೆ ಐಸ್ ನೀರಿಗೆ ಇಳಿಸಿದಳು. "ಅವನಿಗೆ ಇನ್ನೆರಡು ಬೇಕಂತೆ. ನಿಸಾರ್, ನೀನು ಹಾಕು. ಸಟ್ಟುಗದಲ್ಲಿ ಹಾಕು. ಹರಿದರೆ ಹರಿಯಲಿ."

ಭಾನುವಾರ ಅವರು ಹೋದರು, ಸಮಯ ಕೊಟ್ಟಿದ್ದರಲ್ಲ. ಫಿಲಿಪಿನೊ ಹುಡುಗಿ ಅವನ ಕೈಗಳ ಬ್ಯಾಂಡೇಜ್ ನೋಡಿ ಯಂತ್ರವನ್ನು ಆನ್ ಮಾಡಲಿಲ್ಲ. ಸುಟ್ಟ ಗಾಯಕ್ಕೆ ಡಾಕ್ಟರ ಚೀಟಿ ಜೋಡಿಸಿ ಇನ್ನಷ್ಟು ಸಮಯ ಕೇಳಿ ಎಂದಳು. ಜೋಯ್ಸ್ ಇಂಗ್ಲಿಷಿನಲ್ಲಿ ಉದ್ದ ಇಮೇಲ್ ಬರೆದಳು. ದೋಸೆ ಎಂಬ ಪದವನ್ನು ಎಲ್ಲೂ ಹಾಕಲಿಲ್ಲ, ಅಡುಗೆಮನೆಯ ಅಪಘಾತ ಎಂದಳು. ಅದಕ್ಕೆ ಬಂದ ಉತ್ತರ ತಾನಾಗಿ ಹೊರಡುವ ಉತ್ತರ: ನಿಮ್ಮ ಸಂದೇಶ ತಲುಪಿದೆ. ತಾರೀಖು ದಾಟಿದ ಮೇಲೆ ಇನ್ನೊಂದು ಬಂತು. ಅದು ಯಾರೋ ಕೂತು ಬರೆದದ್ದು. ಅರ್ಜಿದಾರರು ಆಸಕ್ತಿ ತೋರಿಸದ ಕಾರಣ ಅರ್ಜಿಯನ್ನು ಮುಚ್ಚಲಾಗಿದೆ.

"ಆಸಕ್ತಿ ಇಲ್ಲ ಅಂತೆ," ಎಂದ ಮಥಾಯಸ್. "ಆ ಇನ್ನೊಬ್ಬ ಮಥಾಯಸ್ ಈಗ ನಾನೇ ಅಂತ ತಿಳಿದಿದ್ದಾರೋ ಏನೋ."

"ಬಾಯಿ ಮುಚ್ಚಿ ಊಟ ಮಾಡಿ," ಎಂದಳು ಸಿಸಿಲಿಯಾ. ಅವನಿಗೆ ಚಮಚ ಹಿಡಿಯಲು ಬರುತ್ತಿರಲಿಲ್ಲ, ಅವಳೇ ತುತ್ತು ಕೊಡುತ್ತಿದ್ದಳು. ಅವಳದೂ ಜೋಯ್ಸ್‌ಳದೂ ಅರ್ಜಿ ಮುಂದೆ ಹೋಗಿತ್ತು. ಪೌರತ್ವದ ಪ್ರಮಾಣವಚನಕ್ಕೆ ಅವರಿಬ್ಬರಿಗೆ ಕರೆ ಬಂದಿತ್ತು.

ಹೋದದ್ದು ಇಷ್ಟು: ಏಳು ಬೆರಳಿನ ಚರ್ಮ, ಒಂದು ಅರ್ಜಿ, ಮೂರು ದೋಸೆ.