ಹುಳ ಹಿಡಿದ ಕೈ

ಬೆರಳುಗಳು ಬಾಳೆಕಾಯಿಯಷ್ಟು ದಪ್ಪವಾಗಿ ಪರದೆಯ ತುಂಬ ಹರಡಿಕೊಂಡವು. ಅಂಗೈ ಮೇಲೆ ಮಲಗಿದ್ದ ರೇಷ್ಮೆಹುಳ ಬಾತುಕೊಂಡು ಇನ್ನೇನೋ ಪ್ರಾಣಿಯಂತಾಗಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ತೆಗೀರಿ ಅದನ್ನ!"

ದೇವರಾಜು ಮೇಷ್ಟ್ರು ಕೂಗಿದ ರಭಸಕ್ಕೆ ಭಾನುಪ್ರಿಯ ಬೆಚ್ಚಿಬಿದ್ದು ಲ್ಯಾಪ್‌ಟಾಪಿನಿಂದ ಕೈ ತೆಗೆದಳು. ಕಂಪ್ಯೂಟರ್ ವಿಭಾಗಕ್ಕೆ ಚನ್ನಪಟ್ಟಣದಿಂದ ಓಡಾಡುವ ಅತಿಥಿ ಉಪನ್ಯಾಸಕಿ ಅವಳು. ಹೊಸ ಪ್ರೊಜೆಕ್ಟರ್ ಬಂದ ಮೇಲೆ ಎಲ್ಲ ವಿಭಾಗದವರ ಸ್ಲೈಡುಗಳನ್ನೂ ಅದಕ್ಕೆ ಹೊಂದಿಸಿಕೊಡುವ ಕೆಲಸ ಅವಳ ತಲೆಗೆ ಬಿದ್ದಿತ್ತು.

"ನನ್ ತಪ್ಪಲ್ಲ ಸಾರ್. ಇದು ಅಗಲದ್ದು. ನಿಮ್ಮ ಚಿತ್ರಗಳು ಹಳೇ ಪ್ರೊಜೆಕ್ಟರ್ ಅಳತೇವು, ಹೆಚ್ಚುಕಮ್ಮಿ ಚೌಕ. ಎಳುದ್ರೆ ಹಿಂಗಾಯ್ತದೆ. ಎಳೀದೆ ಬುಟ್ರೆ ಎರಡೂ ಕಡೆ ಕಪ್ಪು ಪಟ್ಟಿ ಬತ್ತದೆ."

"ಬರ್ಲಿ ಬಿಡಮ್ಮ."

"ಪ್ರಿನ್ಸಿಪಾಲ್ರು ಒಪ್ಪಲ್ಲ."

ಒಪ್ಪುವುದಿಲ್ಲ ಎನ್ನುವುದು ಮೇಷ್ಟ್ರಿಗೂ ಗೊತ್ತಿತ್ತು. ರಾಮನಗರದ ಆ ಸ್ನಾತಕೋತ್ತರ ಕೇಂದ್ರಕ್ಕೆ ವಿಶ್ವವಿದ್ಯಾಲಯ ನಾಲ್ಕು ಅಗಲ ಪರದೆಯ ಪ್ರೊಜೆಕ್ಟರ್ ಕೊಟ್ಟಿತ್ತು. ಪ್ರಿನ್ಸಿಪಾಲ್ ಮಧುಕುಮಾರ್ ಅವಕ್ಕೆ ಅರಿಶಿನ ಕುಂಕುಮ ಹಚ್ಚಿಸಿ ಪೂಜೆ ಮಾಡಿಸಿದ್ದರು. ಸೋಮವಾರ ತಪಾಸಣೆಯ ತಂಡ ಬರುವುದಿತ್ತು. ಇಷ್ಟಗಲದ ಪರದೆಯ ಆಚೀಚೆ ಕಪ್ಪು ಬಿಟ್ಟರೆ ಬಂದವರು ಏನಂದುಕೊಂಡಾರು ಎಂದು ಅವರು ಆಗಲೇ ಎರಡು ಸಲ ಎಚ್ಚರಿಸಿದ್ದರು.

"ಇನ್ನೊಂದು ದಾರಿ ಐತೆ ಸಾರ್" ಎಂದಳು ಭಾನುಪ್ರಿಯ. "ಮೇಲೆ ಕೆಳಗೆ ಕತ್ತರಿಸ್ಬುಡೋದು. ಪರದೆ ತುಂಬ್ತದೆ, ಹುಳಾನೂ ನೆಟ್ಟಗಿರ್ತದೆ. ಕೈ ಒಂದು ಹೋಯ್ತದೆ ಅಷ್ಟೆ. ನೀವು ಪಾಠ ಮಾಡೋದು ಹುಳದ್ದಲ್ವ, ಕೈ ಕಟ್ಕೊಂಡು ಏನಾಗ್ಬೇಕು?"

ಆ ಕೈ ಅಂಕಮ್ಮನದು. ಅವರ ಹೆಂಡತಿಯದು. ಅವಳು ಸತ್ತು ಮೂರು ವರ್ಷವಾಗಿತ್ತು. ಇಷ್ಟನ್ನು ಹೇಳಿದ್ದರೆ ಆ ಹುಡುಗಿ ಇನ್ನೊಂದು ಮಾತಾಡುತ್ತಿರಲಿಲ್ಲ. ಆದರೆ ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳಿ ಗೊತ್ತಿಲ್ಲದ ಮನುಷ್ಯ ಅವರು.

"ಕೈ ಇರ್ಬೇಕು" ಎಂದರು. "ಹುಳ ಎಷ್ಟು ದೊಡ್ಡದು ಅಂತ ಅಳತೆ ಸಿಗ್ಬೇಕಲ್ಲ."

"ಹಂಗಾದ್ರೆ ಮೊದ್ಲು ತೆಗ್ದಿದ್ದ ಫಿಲ್ಮ್ ಐತಾ? ಇದ್ರೆ ಕೊಡಿ, ಅದರಿಂದಲೇ ಮತ್ತೆ ಮಾಡುಸ್ತೀನಿ."

ಫಿಲ್ಮ್ ಇತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಬೀರುವಿನ ಕೆಳಗಿನ ಅರೆಯಲ್ಲಿ, ಅಂಕಮ್ಮನ ಎರಡು ಸೀರೆಗಳ ಅಡಿಯಲ್ಲಿ ಇತ್ತು. ಆ ಸಂಜೆ ಡಬ್ಬಿ ತೆಗೆಯಲು ಮೇಷ್ಟ್ರು ನೆಲದ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಾಲೇಜಿಗೆ ಮೊದಲ ಪ್ರೊಜೆಕ್ಟರ್ ಬರುತ್ತದೆ ಎಂದಾಗ ತೆಗೆದ ಚಿತ್ರಗಳು ಅವು. ಮಾಗಡಿ ಕಡೆಯ ಕಲ್ಯದಿಂದ ಬಂದ ಅಂಕಮ್ಮ, ಹುಟ್ಟಿದಾಗಿನಿಂದ ಹುಳದ ಮನೆಯಲ್ಲೇ ಬೆಳೆದವಳು. ಮೇಷ್ಟ್ರ ಮನೆಗೆ ಬಂದ ಮೇಲೂ ಹಿತ್ತಲಿನ ಶೀಟಿನ ಕೋಣೆಯಲ್ಲಿ ತಟ್ಟೆಗಳನ್ನು ಜೋಡಿಸಿ ಹುಳ ಸಾಕುವುದನ್ನು ಬಿಟ್ಟಿರಲಿಲ್ಲ. ಮೇಷ್ಟ್ರು ರೇಷ್ಮೆ ವಿಜ್ಞಾನದಲ್ಲಿ ಎಂ.ಎಸ್ಸಿ. ಓದಿದ್ದರು. ಆದರೆ ಹುಳ ಯಾವಾಗ ಮೇವು ಬಿಟ್ಟು ಜ್ವರಕ್ಕೆ ಕೂರುತ್ತದೆ, ಪೊರೆ ಬಿಟ್ಟು ಯಾವಾಗ ಏಳುತ್ತದೆ ಎನ್ನುವುದನ್ನು ಅವಳು ಬಾಗಿಲಲ್ಲಿ ನಿಂತು, ಸೊಪ್ಪು ಮೇಯುವ ಸದ್ದು ಕೇಳಿಯೇ ಹೇಳುತ್ತಿದ್ದಳು. ಮರುದಿನ ಅದೇ ಮಾತು ಇಂಗ್ಲಿಷಾಗಿ ಮೇಷ್ಟ್ರ ಬಾಯಿಂದ ಕ್ಲಾಸಿನಲ್ಲಿ ಬರುತ್ತಿತ್ತು.

ಇಪ್ಪತ್ತಾರು ದಿನದ ಒಂದು ಬೆಳೆ ಪೂರ್ತಿ ಮೇಷ್ಟ್ರು ಚಿತ್ರ ತೆಗೆದರು. ಇರುವೆಯಷ್ಟಿದ್ದ ಮರಿಯಿಂದ ಹಿಡಿದು ಗೂಡು ಕಟ್ಟಲು ಚಂದ್ರಿಕೆಯ ಬಿದಿರುತಟ್ಟಿಗೆ ಏರಿದ ಹಣ್ಣುಹುಳದ ತನಕ ನಲವತ್ತು ಚಿತ್ರ. ಅಂಕಮ್ಮ ತಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚುತ್ತಿದ್ದಳು. ಸೊಪ್ಪಿನ ಕರೆ ಹಿಡಿದ, ಬಿರುಕು ಬಿಟ್ಟ ಕೈ. ಮುಂಗೈ ಮೇಲೆ ಹಸಿರು ಹಚ್ಚೆಯ ಚೇಳು. ಉಸಿರು ತಾಗಿದರೆ ಹುಳ ತಲೆಯಾಡಿಸಿ ಚಿತ್ರ ಕೆಡುತ್ತಿತ್ತು.

"ಉಸ್ರು ಇಡ್ಕೊ" ಎನ್ನುತ್ತಿದ್ದರು ಮೇಷ್ಟ್ರು. ಅವಳು ಹಿಡಿದುಕೊಳ್ಳುವಳು. ಇವರು ಕಣ್ಣು ಕಿರಿದು ಮಾಡಿ ಹುಳವನ್ನೇ ನೋಡುತ್ತ, ನೋಡುತ್ತ, ಕೊನೆಗೊಮ್ಮೆ ಗುಂಡಿ ಒತ್ತಿ, "ಬುಡು" ಎನ್ನುವರು. ಅವಳು ಉಸ್ಸೆಂದು ಬಿಟ್ಟು ನಗುವಳು.

"ನಾನೂ ಬಂದಿವ್ನಾ ಅದ್ರಲ್ಲಿ?" ಎಂದು ಒಮ್ಮೆ ಕೇಳಿದ್ದಳು.

"ನೀನ್ಯಾಕೆ? ಹುಳ ಬಂದದೆ, ಕೈ ಬಂದದೆ. ಸಾಕು."

ಸ್ಟುಡಿಯೋದ ದಿಲ್ಶಾದ್‌ನಿಗೂ ಅದನ್ನೇ ಹೇಳಿದ್ದರು: ಹುಳ, ಕೈ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಿಬಿಡಪ್ಪ. ಮಿಕ್ಕಿದ್ದು ಏನು ಎಂದು ಅವರು ನೋಡಲೂ ಇಲ್ಲ.

ಮರುವರ್ಷ ಕ್ಲಾಸಿನಲ್ಲಿ ನಟರಾಜು ಎಂಬ ವಿದ್ಯಾರ್ಥಿ ಎದ್ದು ಕೇಳಿದ, "ಯಾರ ಕೈ ಸಾರ್ ಇದು?" ಅಂದು ಕ್ಲಾಸು ನೋಡಲು ಬೆಂಗಳೂರಿನ ಇಬ್ಬರು ಪ್ರೊಫೆಸರುಗಳು ಬಂದು ಕೂತಿದ್ದರು. ಹಚ್ಚೆಯ ಕೈ ಗೋಡೆಯಷ್ಟು ದೊಡ್ಡದಾಗಿ ಎಲ್ಲರೆದುರು ಬಿರಿದುಕೊಂಡಿತ್ತು. ಮೇಷ್ಟ್ರಿಗೆ ಏನನ್ನಿಸಿತೋ. ನಾಚಿಕೆ ಎನ್ನದೆ ಇನ್ನೇನು ಎನ್ನುವುದು?

"ಯಾರೋ ಕೂಲಿ ಹೆಂಗಸು" ಎಂದುಬಿಟ್ಟರು.

ನಟರಾಜು ಅಂಕಮ್ಮನ ತವರೂರು ಕಲ್ಯದವನೇ. ದೀಪಾವಳಿಗೆ ಊರಿಗೆ ಹೊರಟವನು ಏನಾದರೂ ಕೊಟ್ಟು ಕಳಿಸುತ್ತೀರಾ ಎಂದು ಕೇಳಲು ಮೇಷ್ಟ್ರ ಮನೆಗೆ ಬಂದ. ಅಂಕಮ್ಮ ನೀರು ಕೊಟ್ಟಳು. ಅವನು ಲೋಟ ಹಿಡಿದ ಅವಳ ಕೈ ನೋಡಿ ಖುಷಿಯಿಂದಲೇ ಅಂದ, "ಅಕ್ಕ, ಥೇಟು ಇಂಥದೇ ಚೇಳು ಐತೆ ಕಣಕ್ಕ, ಮೇಷ್ಟ್ರು ತೋರುಸ್ತಾರಲ್ಲ, ಆ ಕೂಲಿ ಹೆಂಗ್ಸಿನ ಕೈಮೇಲೆ!"

ಅಂಕಮ್ಮ ಜಗಳವಾಡಲಿಲ್ಲ. ಅಳಲೂ ಇಲ್ಲ. ಎಂದಿನಂತೆ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಮುಂದಿನ ಬೆಳೆಗೆ ಮೇಷ್ಟ್ರು ಕ್ಯಾಮೆರಾ ಹಿಡಿದು ಹುಳದ ಕೋಣೆಗೆ ಬಂದಾಗ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಕೂಲಿಯೋಳ್ನ ಕರ್ಕೊಂಡ್ ಬನ್ನಿ. ನಂಗೆ ಒಳಗೆ ಕೆಲ್ಸ ಐತೆ."

ಆಮೇಲೆ ಐದು ವರ್ಷ ಬದುಕಿದ್ದಳು. ಉಬ್ಬಸ ಹೆಚ್ಚಾಗಿ, ಕೊನೆಯ ವಾರ ಆಸ್ಪತ್ರೆಯಲ್ಲಿ ದಿಂಬಿಗೆ ಒರಗಿ ಕೂತೇ ಇದ್ದಳು, ಮಲಗಲು ಆಗುತ್ತಿರಲಿಲ್ಲ. ಆ ಮಾತು ಎತ್ತಬೇಕೆಂದು ಮೇಷ್ಟ್ರು ಒಂದು ಮಧ್ಯಾಹ್ನ ಮಂಚದ ಹತ್ತಿರ ಹೋಗಿ, "ಅಂಕಮ್ಮ, ಅವತ್ತು ನಾನು" ಎಂದರು. ಅಷ್ಟರಲ್ಲಿ ನರ್ಸು ಬಂದು ಮಾತಾಡಿಸಬೇಡಿ ಎಂದಳು. ಮೇಷ್ಟ್ರು ಹೊರಗೆ ಬಂದರು. ನಿಜ ಹೇಳಬೇಕೆಂದರೆ ನರ್ಸು ಬಂದದ್ದು ಅವರಿಗೆ ಒಳ್ಳೆಯದೇ ಆಯಿತು ಅನ್ನಿಸಿತ್ತು. ಮನೆಯ ಗೋಡೆಗೆ ಹಾರ ಹಾಕಿ ತೂಗುಹಾಕಿದ್ದು ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳ ಕಣ್ಣು ಅರೆಮುಚ್ಚಿದೆ. ಅವಳದೆಂದು ಗುರುತು ಹಿಡಿಯುವ ಹಾಗೆ ಇದ್ದದ್ದು ಕ್ಲಾಸಿನ ಆ ಕೈ ಒಂದೇ. ವರ್ಷಕ್ಕೊಂದು ಸಲ ಆ ಪಾಠ ಬಂದಾಗ ಅವರು ಬೇಕೆಂದೇ ನಿಧಾನ ಮಾಡುತ್ತಿದ್ದರು.

ಮರುದಿನ ಡಬ್ಬಿಯನ್ನು ಭಾನುಪ್ರಿಯಳ ಕೈಗೆ ಕೊಟ್ಟು, "ಜೋಪಾನ ಕಣಮ್ಮ" ಎಂದರು.

ದಿಲ್ಶಾದ್ ಸಿ.ಡಿ. ಕೊಟ್ಟದ್ದು ಸೋಮವಾರ ಬೆಳಿಗ್ಗೆ. ಮೇಷ್ಟ್ರಿಗೆ ಅದನ್ನು ನೋಡಲು ಹೊತ್ತಿರಲಿಲ್ಲ. "ಫಿಲ್ಮಿನ ಅಗಲಾನೂ ಪರದೆ ಅಗಲಾನೂ ಹೆಚ್ಚುಕಮ್ಮಿ ಒಂದೇ ಸಾರ್" ಎಂದು ಭಾನುಪ್ರಿಯ ಗೆಲುವಿನಿಂದ ಹೇಳಿದಳು. "ಏನೂ ಕತ್ತರಿಸ್ದೆ ಪೂರ್ತಿ ಹಾಕಿವ್ನಿ. ಕೈನೂ ಇರ್ತದೆ."

ಹಿಂದಿನ ಸಾಲಿನಲ್ಲಿ ಮಧುಕುಮಾರ್ ಪಕ್ಕದಲ್ಲಿ ತಪಾಸಣೆಗೆ ಬಂದ ಮೂವರು ಕೂತರು. ಕಿಟಕಿ ಮುಚ್ಚಿದರು. ಮರಿ, ಮೊದಲ ಜ್ವರ, ಎರಡನೆಯದು. ಮೊದಲು ಕಾಣದಿದ್ದ ತಟ್ಟೆಯ ಅಂಚು, ಸೊಪ್ಪಿನ ರಾಶಿ, ಶೀಟಿನ ಸಂದಿನ ಬಿಸಿಲು ಆಚೀಚೆ ಕಾಣತೊಡಗಿದವು. ಮೇಷ್ಟ್ರು ಕೋಲು ಹಿಡಿದು ಹೇಳುತ್ತ ಹೋದರು. ನಾಲ್ಕನೇ ಜ್ವರದಿಂದ ಎದ್ದ ಹುಳ ಬಂತು. ಎಡಗಡೆ ಅಂಗೈ, ಹುಳ, ಹಚ್ಚೆಯ ಚೇಳು. ಅಲ್ಲಿಂದ ಬಳೆ, ಮೊಣಕೈ, ಹೆಗಲು.

ಬಲ ಅಂಚಿನಲ್ಲಿ ಅಂಕಮ್ಮ ಇದ್ದಳು.

ಸ್ವಲ್ಪ ಮಸುಕಾಗಿದ್ದಳು, ಆದರೆ ಅವಳೇ. ತಲೆಗೆ ಸುತ್ತಿದ ಸೆರಗು, ಬೆವರಿಗೆ ಅಂಟಿದ ಕೂದಲು. ಅವಳು ಹುಳವನ್ನು ನೋಡುತ್ತಿರಲಿಲ್ಲ, ಕ್ಯಾಮೆರಾ ಹಿಡಿದವನನ್ನು ನೋಡುತ್ತಿದ್ದಳು. ಮೂವತ್ತರ ಆಸುಪಾಸಿನ ಆ ಮುಖದಲ್ಲಿ ಅದೆಷ್ಟು ಅಕ್ಕರೆ ಇತ್ತೆಂದರೆ ಮೇಷ್ಟ್ರ ಕೈಯ ಕೋಲು ಕೆಳಗಿಳಿಯಿತು.

ಮುಂದಿನ ಬೆಂಚಿನ ದಿವ್ಯ ಎಂಬ ಹುಡುಗಿ ಮೆಲ್ಲಗೆ ಕೇಳಿದಳು, "ಅವ್ರು ಯಾರು ಸಾರ್?"

ಹಿಂದೆ ಕೂತವರೂ ತಲೆಯೆತ್ತಿದರು.

"ಕೂಲಿ ಹೆಂಗಸಲ್ಲ" ಎಂದರು ಮೇಷ್ಟ್ರು. ಹಾಗೆಂದು ಅಲ್ಲಿ ಯಾರೂ ಅಂದಿರಲಿಲ್ಲ. "ನನ್ ಹೆಂಡ್ತಿ. ಅಂಕಮ್ಮ ಅಂತ. ಕಲ್ಯದೋಳು. ಹುಳದ ವಿಚಾರ ನಾನು ನಿಮ್ಗೆ ಏನೇನು ಹೇಳ್ಕೊಟ್ಟಿದ್ದೀನೋ ಅದೆಲ್ಲ ಅವಳು ನಂಗೆ ಹೇಳ್ಕೊಟ್ಟಿದ್ದು."

ಮಧುಕುಮಾರ್ ಮುಂದಿನ ಸ್ಲೈಡಿಗೆ ಹೋಗಿ ಎಂಬಂತೆ ಕೈಸನ್ನೆ ಮಾಡಿದರು. ತಪಾಸಣೆಯವರಲ್ಲಿ ಹಿರಿಯರಾದವರು ಅವರ ತೋಳು ಹಿಡಿದು ತಡೆದರು.

"ಕೆನ್ನೆ ಯಾಕೆ ಸಾರ್ ಉಬ್ಬಿಸ್ಕೊಂಡವ್ರೆ?" ದಿವ್ಯ ಕೇಳಿದಳು.

"ಉಸ್ರು ಹಿಡ್ಕೊ ಅಂದಿದ್ದೆ" ಎಂದರು ಮೇಷ್ಟ್ರು. "ಹುಳ ಅಲ್ಲಾಡಬಾರ್ದಲ್ಲ."

ಆಮೇಲೆ ಪಾಠ ಹೇಗೋ ಮುಗಿಯಿತು. ಗಂಟೆ ಹೊಡೆಯಿತು. ಬಂದವರು ಪರದೆ ಚೆನ್ನಾಗಿದೆ ಎಂದು ಬರೆದುಕೊಂಡು ಪಕ್ಕದ ವಿಭಾಗಕ್ಕೆ ಹೋದರು. ವಿದ್ಯಾರ್ಥಿಗಳು ಸದ್ದಿಲ್ಲದೆ ಎದ್ದು ನಡೆದರು. ಭಾನುಪ್ರಿಯ ಮೇಷ್ಟ್ರ ಮುಖ ನೋಡಿ, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಬಾಗಿಲು ಎಳೆದುಕೊಂಡು ಹೋದಳು.

ಮೇಷ್ಟ್ರು ಹಿಂದಕ್ಕೆ ಒತ್ತುತ್ತ ಹೋಗಿ ಆ ಚಿತ್ರಕ್ಕೆ ಬಂದು ನಿಲ್ಲಿಸಿದರು. ಪರದೆಯ ಬಲ ಅಂಚಿಗೆ ನಡೆದು ಹೋಗಿ, ತಮ್ಮ ನೆರಳು ಅವಳ ಮೇಲೆ ಬೀಳದಂತೆ ಗೋಡೆಗೆ ಒತ್ತಿಕೊಂಡು ನಿಂತರು. ಅಷ್ಟು ಹತ್ತಿರದಿಂದ ಅವಳು ಬರೀ ಬಣ್ಣದ ಚುಕ್ಕೆಗಳಾಗಿದ್ದಳು. ಎರಡು ಹೆಜ್ಜೆ ಹಿಂದೆ ಬಂದಾಗ ಮತ್ತೆ ಸಿಕ್ಕಳು. ಕಣ್ಣು ನೆಟ್ಟು, ತುಟಿ ಬಿಗಿಹಿಡಿದು, ಇವರು ಹೇಳುವುದನ್ನೇ ಕಾಯುತ್ತಿದ್ದಳು.

"ಬುಡು" ಎಂದರು ಮೇಷ್ಟ್ರು. "ಆಯ್ತು, ಬುಡು ಅಂಕಮ್ಮ."

ಪರದೆಯ ಮೇಲೆ ಅಂಕಮ್ಮನ ಕೆನ್ನೆ ಉಬ್ಬಿಯೇ ಇತ್ತು.