ಕಿಬೂಕನ ದನಿಯ ಫೈಲು

ಲುಗ್ಯ ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಿದ್ದ. ಎಣ್ಣೆ ಮಣಿಕಟ್ಟಿನವರೆಗೆ ಇಳಿದಿತ್ತು. ಅದೇ ಕೈಯಲ್ಲಿ ಕೀಬೋರ್ಡ್ ಒತ್ತಿ, ಗಿರಾಕಿಯ ಪೆನ್‌ಡ್ರೈವಿಗೆ ಸಿನಿಮಾ ತುಂಬಿ, ಅದನ್ನು ಪ್ಯಾಂಟಿಗೆ ಒರೆಸಿ ಕೊಟ್ಟ. ಗಿರಾಕಿ ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ಕಿಬೂಕನತ್ತ ಗದ್ದ ಎತ್ತಿದ.

"ಬನ್ನಿ ಸೆಬೊ, ಕೂತ್ಕೊಳ್ಳಿ. ನಮ್ಮಂಥೋರ ಅಂಗಡಿಗೆ ಅಷ್ಟು ದೊಡ್ಡ ದನಿ ಬಂತಲ್ಲ."

ಸೆಬೊ, ಅಂದರೆ ಸ್ವಾಮಿ, ಎಂದು ಕರೆದರೂ ಕಿಬೂಕ ಕೂರಲಿಲ್ಲ. ಸ್ಟೂಲಿನ ಮೇಲೂ ಎಣ್ಣೆಯ ಬೆರಳಚ್ಚುಗಳಿದ್ದವು.

ಉಗಾಂಡದ ಕಂಪಾಲದಲ್ಲಿ ಆ ದನಿ ಗೊತ್ತಿಲ್ಲದವರು ಕಡಿಮೆ. ಮದುವೆಗೆ ಮುಂಚೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೋಗಿ ತಮ್ಮನ್ನು ಪರಿಚಯಿಸಿಕೊಳ್ಳುವ ಶಾಸ್ತ್ರದಲ್ಲಿ ಅವನು ಗಂಡಿನ ಕಡೆಯ ಮಾತುಗಾರ. ಹೆಣ್ಣಿನ ಕಡೆಯವರು ಗೇಟಿನಲ್ಲಿ ಅಡ್ಡ ನಿಂತು, ಯಾರು ನೀವು, ದಾರಿ ತಪ್ಪಿದಿರಾ ಎಂದು ಸತಾಯಿಸುತ್ತಾರೆ. ಮಾತುಗಾರ ಅವರನ್ನು ನಗಿಸಿ ಬಾಗಿಲು ತೆಗೆಸಬೇಕು. ಕೊನೆಗೆ ತೆಗೆದೇ ತೆಗೆಯುತ್ತಾರೆ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಗೇಟಿನಿಂದ ಯಾರನ್ನೂ ನಿಜವಾಗಿ ಹಿಂದಕ್ಕೆ ಕಳಿಸಿದ್ದಿಲ್ಲ.

ಕಳೆದ ವರ್ಷ ಲುಗ್ಯ ಆ ದನಿ ಬೇಕೆಂದು ಬಂದಿದ್ದ. ಕಂಪ್ಯೂಟರಿನ ಫುಟ್‌ಬಾಲ್ ಆಟದಲ್ಲಿ ಇಂಗ್ಲಿಷ್ ವೀಕ್ಷಕ ವಿವರಣೆ ತೆಗೆದು ಲುಗಾಂಡ ಭಾಷೆಯದನ್ನು ಜೋಡಿಸುವ ಫೈಲು ಮಾಡುತ್ತೇನೆ ಎಂದಿದ್ದ. ಕಿಬೂಕ ಖುಷಿಯಿಂದ ಒಪ್ಪಿ, ಗೋಲುಗಳಿಗೆ, ಫೌಲುಗಳಿಗೆ, ರೆಫ್ರಿಗೆ ಬೈಯುವ ಬೈಗುಳಕ್ಕೆ ದನಿ ಕೊಟ್ಟ. ಕೊನೆಯಲ್ಲಿ ಲುಗ್ಯ ಇನ್ನೊಂದು ಮಾತು ಕೇಳಿದ. ಫೈಲು ಹಾಕಿಕೊಳ್ಳುವಾಗ ಆ್ಯಂಟಿವೈರಸ್ ತಕರಾರು ಮಾಡುತ್ತದೆ, ಅದಕ್ಕೆ ನಮ್ಮ ಭಾಷೆ ಬರುವುದಿಲ್ಲ, ಹಾಗಾಗಿ ಅನುಮಾನ. ಜನ ಹೆದರದ ಹಾಗೆ ಏನಾದರೂ ಹೇಳಿ ಎಂದ. ಕಿಬೂಕ ಅಲ್ಲೇ ಹೊಸೆದು ಹೇಳಿದ್ದ:

"ನೋಡ್ರಪ್ಪ, ಈಗ ನಿಮ್ಮ ಕಂಪ್ಯೂಟರಿನ ಕಾವಲುಗಾರ ಅಡ್ಡ ನಿಲ್ತಾನೆ, ಹುಡುಗಿ ಮನೆ ಗೇಟಲ್ಲಿ ಬಾವಮೈದ ನಿಲ್ಲೋ ಹಾಗೆ. ಎಲ್ಲಿಂದ ಬಂದ್ರಿ ಅಂತಾನೆ. ನಗ್ತಾ ಅವನನ್ನ ಪಕ್ಕಕ್ಕೆ ಸರಿಸಿ, ಒಳಗೆ ಬನ್ನಿ."

ಜನ ನಕ್ಕರು. ನಗುತ್ತಲೇ ಆ್ಯಂಟಿವೈರಸ್ ಆಫ್ ಮಾಡಿ ಫೈಲನ್ನು ಒಳಗೆ ಬಿಟ್ಟುಕೊಂಡರು.

ನಬಿಸೆರೆಯೂ ನಕ್ಕವಳೇ. ಅವಳು ನರ್ಸ್. ಡ್ಯೂಟಿ ಮುಗಿಸಿ ಬಂದು ಲ್ಯಾಪ್‌ಟಾಪಿನಲ್ಲಿ ಫುಟ್‌ಬಾಲ್ ಆಡುವುದು ಅವಳ ಹವ್ಯಾಸ. ಬರುವ ಶನಿವಾರ ಅವಳ ಮನೆಯಲ್ಲಿ ಶಾಸ್ತ್ರ. ಗಂಡಿನ ಕಡೆಗೆ ಮಾತುಗಾರ ಕಿಬೂಕನೇ. ಈ ವಾರದ ಆರಂಭದಲ್ಲಿ ಅವಳ ಫೇಸ್‌ಬುಕ್ ಖಾತೆಯಿಂದ ಹೊಲಸು ವಿಡಿಯೋಗಳು ಹೊರಬಿದ್ದವು. ಒಂದೊಂದಕ್ಕೂ ಭಾವೀ ಅತ್ತೆಯ ಹೆಸರು, ಚರ್ಚಿನ ಹೆಂಗಸರ ಹೆಸರು ಟ್ಯಾಗ್ ಆಗಿತ್ತು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಲ್ಯಾಪ್‌ಟಾಪ್ ಬಿಚ್ಚಿ ನೋಡಿ, ಆಟದ ಫೈಲಿನ ಜೊತೆ ಬಂದ ಇನ್ನೊಂದು ಪ್ರೋಗ್ರಾಂ ಅವಳ ಪಾಸ್‌ವರ್ಡ್‌ಗಳನ್ನೆಲ್ಲ ಹೊರಗೆ ಕಳಿಸಿದೆ ಎಂದು ತಿಳಿಸಿದರು. ಅತ್ತೆ ಅದನ್ನು ನಂಬಲಿಲ್ಲ. ಹುಡುಗಿಯ ಮೇಲಿನ ಕೊಳಕು ತೊಳೆಯದಿದ್ದರೆ ಶಾಸ್ತ್ರದ ದಿನ ತಾನು ವ್ಯಾನಿನಿಂದ ಇಳಿಯುವುದಿಲ್ಲ ಎಂದಳು.

"ಅದು ನಿನ್ನ ಫೈಲು," ಎಂದ ಕಿಬೂಕ.

"ನಮ್ಮದು ಅನ್ನಿ. ದನಿ ನಿಮ್ದು." ಲುಗ್ಯ ಹಲ್ಲಿನ ಸಂದಿಯಿಂದ ಈರುಳ್ಳಿ ಚೂರು ತೆಗೆದು ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ.

"ಕಳ್ಳ ಪ್ರೋಗ್ರಾಂ ಇರೋದು ಗೊತ್ತಿತ್ತಾ ನಿಂಗೆ?"

"ಒಬ್ಬ ಕಳಿಸಿದ, ನಿನ್ನ ಫೈಲಿನ ಜೊತೆ ಇದನ್ನೂ ಸೇರಿಸು ಅಂತ. ಫೈಲು ಹಾಕ್ಕೊಂಡೋರ ತಲೆಗೆ ಇಷ್ಟು ಅಂತ ದುಡ್ಡು ಕೊಡ್ತಾನೆ. ಅವನ ಮುಖ ನಾನು ನೋಡಿಲ್ಲ."

"ಒಳಗೇನಿದೆ ಅಂತ ಕೇಳ್ಬಾರ್ದಾ?"

"ನೀವು ಕೇಳ್ತೀರಾ? ಗಂಡು ಕುಡುಕನೋ, ಹೊಡಿಯೋನೋ ಅಂತ? ಮಾತಾಡಿ ಬಾಗಿಲು ತೆಗೆಸ್ತೀರ, ಊಟ ಮಾಡಿ ಎದ್ದು ಬರ್ತೀರ. ನಾನೂ ಅಷ್ಟೇ."

ಕಿಬೂಕ ಕಂಪ್ಯೂಟರಿನತ್ತ ಬೆರಳು ತೋರಿಸಿದ.

"ತೆಗೆದುಹಾಕು ಅದನ್ನ."

"ಪೆನ್‌ಡ್ರೈವಲ್ಲಿ ಊರೂರು ಸುತ್ತಾಗಿದೆ, ಎಲ್ಲಿಂದ ತೆಗೀಲಿ? ಅವರೇ ಒತ್ತಿದ್ದು ಸೆಬೊ, ನಾನೇನು ಕೈ ಹಿಡಿದು ಒತ್ತಿಸಿದ್ನಾ? ಬಿಡಿ ಅದನ್ನ. ಮುಂದಿನ ಸೀಸನ್ನಿಗೆ ಇನ್ನೊಂದಷ್ಟು ಮಾತಾಡ್ಕೊಡಿ." ಕಚ್ಚಿ ಉಳಿದಿದ್ದ ಅರ್ಧ ಚಪಾತಿಯನ್ನು ಮುಂದೆ ಹಿಡಿದ. "ತಗೊಳ್ಳಿ, ಬಿಸಿ ಇದೆ."

ಕಿಬೂಕ ಹೊರಗೆ ಬಂದು ಚರಂಡಿಗೆ ಉಗಿದ. ಠಾಣೆಗೆ ಹೋಗಿ ದೂರು ಕೊಟ್ಟ. ಬರೆದುಕೊಂಡ ಪೊಲೀಸಿನವನು ಪೆನ್ನು ಮುಚ್ಚಿ, "ನನ್ನ ಲ್ಯಾಪ್‌ಟಾಪಲ್ಲೂ ಅದೇ ಇದೆ ಸೆಬೊ. ಆ ರೆಫ್ರಿಗೆ ಬೈತೀರಲ್ಲ, ಹೊಟ್ಟೆ ಹುಣ್ಣಾಗುತ್ತೆ," ಎಂದ.

ಶನಿವಾರ ಕಂಪಾಲದ ಪಕ್ಕದ ಮುಕೊನೋದಲ್ಲಿ ನಬಿಸೆರೆಯ ಮನೆಯ ಮುಂದೆ ಗಂಡಿನ ಕಡೆಯವರು ಬಿಳಿ ನಿಲುವಂಗಿಗಳಲ್ಲಿ ಸಾಲು ನಿಂತರು. ವರನ ತಾಯಿ ವ್ಯಾನಿನಲ್ಲೇ ಕುಳಿತು ಕಿಟಕಿ ಇಳಿಸಿದ್ದಳು. ಗೇಟಿಗೆ ನಬಿಸೆರೆಯ ಸೋದರತ್ತೆ ಬಂದಳು. ಅಕ್ಕಪಕ್ಕದವರು ಫೋನುಗಳನ್ನು ಎತ್ತಿ ಹಿಡಿದರು.

"ಯಾರು ನೀವು?" ಎಂದಳು ಸೋದರತ್ತೆ, ಶಾಸ್ತ್ರದ ಪ್ರಕಾರ.

"ಕಳ್ಳನಿಗೆ ದನಿ ಕೊಟ್ಟೋನು," ಎಂದ ಕಿಬೂಕ.

ಜನ ಹೋ ಎಂದು ನಕ್ಕರು. ಯಾರೋ ಶಿಳ್ಳೆ ಹಾಕಿದರು. ಅವನು ನಗು ನಿಲ್ಲುವವರೆಗೆ ಕಾದ.

"ಫುಟ್‌ಬಾಲ್ ಆಟದಲ್ಲಿ ನನ್ನ ದನಿ ಹಾಕಿರೋ ಫೈಲಿನೊಳಗೆ ಕಳ್ಳ ಪ್ರೋಗ್ರಾಂ ಇದೆ. ನಬಿಸೆರೆ ಪಾಸ್‌ವರ್ಡು ಕದ್ದದ್ದು ಅದು. ಆ ವಿಡಿಯೋ ಹಾಕಿದ್ದು ಅವಳಲ್ಲ. ಮನೇಲಿ ಆ ಫೈಲು ಇರೋರು ತೆಗೆದುಹಾಕಿ, ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡು ಬದಲಿಸಿ."

"ಏನು ನಟನೆ ಮಾರಾಯ," ಎಂದು ಹಿಂದಿನಿಂದ ಒಬ್ಬ ಚಪ್ಪಾಳೆ ತಟ್ಟಿದ. ಮತ್ತೆ ನಗು. ಕಿಬೂಕ ಅದೇ ಮಾತನ್ನು ಅದೇ ದನಿಯಲ್ಲಿ ಮೊದಲಿನಿಂದ ಹೇಳಿದ. ನಗು ತೆಳ್ಳಗಾಯಿತು. ಮತ್ತೊಮ್ಮೆ ಹೇಳಿದಾಗ ಯಾರೂ ನಗಲಿಲ್ಲ.

"ಕಾವಲುಗಾರನ್ನ ಪಕ್ಕಕ್ಕೆ ಸರಿಸು ಅಂತ ನಮ್ಮ ಹುಡುಗಿಗೆ ಹೇಳಿದ್ದು ಯಾರು?" ಸೋದರತ್ತೆ ಕೇಳಿದಳು. ಇದು ಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ.

"ನಾನೇ ತಾಯಿ."

ವ್ಯಾನಿನ ಬಾಗಿಲು ಜರುಗಿತು. ವರನ ತಾಯಿ ಇಳಿದು ಬಂದು, ಕಿಬೂಕನ ಮುಖ ನೋಡದೆ ಅವನನ್ನು ದಾಟಿ, ಸೋದರತ್ತೆಯ ಎರಡೂ ಕೈ ಹಿಡಿದುಕೊಂಡಳು. "ಹುಡುಗಿ ಎಲ್ಲಿ? ನಾನು ಅವಳ ಹತ್ರ ಮಾತಾಡ್ಬೇಕು," ಎಂದಳು. ಗೇಟು ತೆರೆಯಿತು. ಸಾಲು ಒಳಗೆ ಹೋಯಿತು. ಕಿಬೂಕ ಹೆಜ್ಜೆ ಎತ್ತಿದಾಗ ಸೋದರತ್ತೆ ಅಂಗೈ ಅಡ್ಡ ಇಟ್ಟಳು.

"ನೀನು ಇಲ್ಲೇ ಇರು. ಒಳಗೆ ಮಾತಾಡೋಕೆ ವರನ ಚಿಕ್ಕಪ್ಪ ಇದಾರೆ."

ಅವನು ಕಾಯುತ್ತ ನಿಂತ, ಇದೂ ಶಾಸ್ತ್ರದ ಆಟವಿರಬಹುದೇ ಎಂದು. ಅವಳು ಚಿಲಕ ಹಾಕಿಕೊಂಡು ಹೋದಳು.

ಬಾಳೆಲೆಯಲ್ಲಿ ಬೆಂದ ಮಾಂಸದ ಘಮ ಗೋಡೆ ದಾಟಿ ಬಂತು. ನೆರಳಿಗೆಂದು ವ್ಯಾನಿನ ಬಳಿ ಹೋದ. ಆಗತಾನೇ ನಿದ್ದೆಯಿಂದ ಎದ್ದ ಚಾಲಕ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಅದರೊಳಗಿಂದ ಕಿಬೂಕ ರೆಫ್ರಿಗೆ ಬೈಯುತ್ತಿದ್ದ.

"ಅದನ್ನ ತೆಗೆದುಹಾಕಪ್ಪ," ಎಂದ ಕಿಬೂಕ. "ಅದು ಕಳ್ಳ."

ಚಾಲಕ ತಲೆ ಎತ್ತಿ ನೋಡಿದ. ಲ್ಯಾಪ್‌ಟಾಪಿನ ದನಿಯನ್ನು ಕೇಳಿದ, ಮತ್ತೆ ಇವನನ್ನು ನೋಡಿದ. ಮುಖ ಅರಳಿತು.

"ಅಯ್ಯೋ, ನೀವೇನಾ ಸೆಬೊ," ಎಂದು ನಗುತ್ತ ದನಿಯನ್ನು ಇನ್ನಷ್ಟು ಏರಿಸಿದ.