ಕೊಡದೇ ಹೋದ ಇಂಜೆಕ್ಷನ್

ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ಸವೆಸಿದ ಆ ನರ್ಸಿಗೆ ಇದ್ದವಳು ಒಬ್ಬಳೇ ತಂಗಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾದ ತಂಗಿಗೆ ಮೂವತ್ತೈದನೇ ವಾರದಲ್ಲಿ ರಕ್ತ ಕಾಣಿಸಿಕೊಂಡಿತು. "ಬೇರೆಲ್ಲೂ ಹೋಗ್ಬೇಡ, ನಾನಿಲ್ವೇನೇ?" ಎಂದು ಅಕ್ಕನೇ ತನ್ನ ಆಸ್ಪತ್ರೆಗೆ ಕರೆಸಿಕೊಂಡಳು.

ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿತ್ತು. ರಕ್ತ ನಿಂತರೂ ಬಹಳ ಕಾಯುವಂತಿರಲಿಲ್ಲ. ಎರಡು ದಿನ ಬಿಟ್ಟು ಆಪರೇಷನ್ ಎಂದರು ದೊಡ್ಡ ಡಾಕ್ಟರು.

ನರ್ಸಿನ ತಲೆಯಲ್ಲಿ ಒಂದು ಮಾತು ಕೊರೆಯತೊಡಗಿತು. ದಿನ ತುಂಬದೆ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮೂವತ್ತನಾಲ್ಕು ವಾರ ದಾಟಿದವರಿಗೂ ಅದರಿಂದ ಉಪಯೋಗವಾಗಬಹುದು ಎಂದು ಹಿಂದಿನ ತಿಂಗಳ ತರಬೇತಿಯಲ್ಲಿ ಹೇಳಿದ್ದರು. ಒಂದು ದಿನದ ಅಂತರದಲ್ಲಿ ಎರಡು. ಸಮಯ ಕೈಯಲ್ಲೇ ಇತ್ತು.

ರೌಂಡ್ಸಿನಲ್ಲಿ ದೊಡ್ಡ ಡಾಕ್ಟರನ್ನು ಕೇಳಿಯೂ ಕೇಳಿದಳು. "ಸರ್, ಸ್ಟಿರಾಯ್ಡ್ ಕೊಡೋಣ್ವಾ?"

"ಮೂವತ್ತೈದು ವಾರಕ್ಕಾ? ಅದೆಲ್ಲ ಇನ್ನೂ ಸಣ್ಣ ಕೂಸುಗಳಿಗೆ."

"ಈಗ ಇವರಿಗೂ ಕೊಡ್ಬಹುದು ಅಂತ ತರಬೇತೀಲಿ..."

"ಹಾಗಾದ್ರೆ ಆಪರೇಷನ್ನೂ ನೀವೇ ಮಾಡ್ಬಿಡಿ ಸಿಸ್ಟರ್. ನಾನು ಬಿ.ಪಿ. ನೋಡ್ಕೊಂಡಿರ್ತೀನಿ."

ಕಿರಿಯ ಡಾಕ್ಟರುಗಳು ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಮುಖ್ಯ ನರ್ಸ್ ಹುದ್ದೆಗೆ ಹೆಸರು ಬರೆದು ಕಳಿಸುವವರು ದೊಡ್ಡ ಡಾಕ್ಟರೇ. ಆ ವಾರವೇ ಕಳಿಸುವವರಿದ್ದರು. ಮಕ್ಕಳ ಡಾಕ್ಟರನ್ನಾದರೂ ಕೇಳಬಹುದಿತ್ತು, ಒಂದು ಮಹಡಿ ಹತ್ತಿದರೆ ಅವರ ಕೋಣೆ. ಹತ್ತಲಿಲ್ಲ. "ಎಲ್ಲಾ ಸರಿ ಇದೆ ತಾನೆ ಅಕ್ಕಾ?" ಎಂದ ತಂಗಿಗೆ "ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಹೊದಿಕೆ ಸರಿಪಡಿಸಿದಳು.

ಹೆಣ್ಣು ಮಗು. ಹುಟ್ಟಿದಾಗ ಚೆನ್ನಾಗಿಯೇ ಅತ್ತಿತು. ಗಂಟೆಯೊಳಗೆ ನರಳಲು ಶುರುಮಾಡಿತು. ಉಸಿರೆಳೆದಾಗಲೆಲ್ಲ ಪಕ್ಕೆಯ ಚರ್ಮ ಒಳಕ್ಕೆ ಸೇದಿಹೋಗುತ್ತಿತ್ತು. ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಗೆ, ಆಮೇಲೆ ಉಸಿರಾಟದ ಯಂತ್ರ. ನಾಲ್ಕನೆಯ ದಿನ ಗಾಲಿಕುರ್ಚಿಯಲ್ಲಿ ಮಗುವನ್ನು ನೋಡಲು ಬಂದ ತಂಗಿಯ ಎದುರಿಗೇ ಮಕ್ಕಳ ಡಾಕ್ಟರಮ್ಮ ಕಾಗದ ತಿರುವಿ ಕೇಳಿದರು: "ತಾಯಿಗೆ ಸ್ಟಿರಾಯ್ಡ್ ಕೊಟ್ಟಿರ್ಲಿಲ್ವಾ? ಎರಡು ದಿನ ಇಲ್ಲೇ ಇದ್ರಲ್ಲ?"

ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದ ಅಕ್ಕ ನೆಲ ನೋಡಿದಳು.

"ಕೊಟ್ಟಿದ್ರೆ ಹೀಗಾಗ್ತಾನೇ ಇರ್ಲಿಲ್ಲ ಅಂತ ಹೇಳಕ್ಕಾಗಲ್ಲಮ್ಮ," ಎಂದು ಅವರು ಮೆತ್ತಗಾದರು. "ಇಷ್ಟು ಕಷ್ಟ ಆಗ್ತಿರ್ಲಿಲ್ವೇನೋ."

ಅವರು ಹೋದ ಮೇಲೆ ತಂಗಿ ತಿರುಗಿ ನೋಡಿದಳು. "ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಕೇಳ್ದೆ ಕಣೇ. ಅವರು ಬೇಡ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ."

"ಬೇರೆ ಯಾರನ್ನಾದ್ರೂ ಕೇಳ್ದ್ಯಾ? ನಂಗೆ ಹೇಳ್ದ್ಯಾ?" ತಂಗಿಯ ದನಿ ಏರಲಿಲ್ಲ. "ಅವರಿಗೆ ಗೊತ್ತಿರ್ಲಿಲ್ಲ, ಬಿಡು. ನಿನ್ನ ನಂಬ್ಕೊಂಡು ಬಂದೆ."

ಮಗು ಬದುಕಿತು. ಇಪ್ಪತ್ತೆರಡನೆಯ ದಿನ ಮನೆಗೆ ಹೊರಟಾಗ ತಂಗಿ ಕಸ ಗುಡಿಸುವವಳಿಗೂ ಕೈಮುಗಿದಳು, ಅಕ್ಕನ ಕಡೆ ಮುಖ ಎತ್ತಲಿಲ್ಲ. ಅದೇ ತಿಂಗಳ ಕೊನೆಗೆ ಮುಖ್ಯ ನರ್ಸ್ ಆದೇಶ ಕೈಸೇರಿತು. "ಸಂತೋಷ ತಾನೇ ಸಿಸ್ಟರ್?" ಎಂದರು ದೊಡ್ಡ ಡಾಕ್ಟರು. "ಹೂಂ ಸರ್" ಎಂದಳು.

ಭಾನುವಾರ ಪುಟ್ಟ ಅಂಗಿಗಳನ್ನು ಕೊಂಡು ತಂಗಿಯ ಮನೆಗೆ ಹೋದಳು. ತಂಗಿಯ ಗಂಡ ಬಾಗಿಲಿಗೇ ಬಂದು ಚೀಲ ಇಸಿದುಕೊಂಡ.

"ಇಬ್ರೂ ಮಲಗಿದ್ದಾರೆ ಅತ್ತಿಗೆ," ಎಂದ.

ಒಳಗೆ ಮಗು ಗಟ್ಟಿಯಾಗಿ ಅಳುತ್ತಿತ್ತು. ಅದನ್ನು ಸಮಾಧಾನಪಡಿಸುವ ತಂಗಿಯ ದನಿಯೂ ಕೇಳಿಸುತ್ತಿತ್ತು. ಅವನು ತಲೆ ತಗ್ಗಿಸಿದ. "ಸರಿ, ಮಲಗ್ಲಿ" ಎಂದು ಅವಳು ಮೆಟ್ಟಿಲಿಳಿದಳು.